ಏಳನೆಯ ರಸೀದಿ

ಆ ವರ್ಷ ಜಕಾರ್ತದಿಂದ ಒಂದು ಮರದ ಪೆಟ್ಟಿಗೆ ಬಂತು.
ಒಳಗೆ ಹೊಸ ಕಾಯ್ದೆ, ಹೊಸ ಮೊಹರು,
ಮೂವತ್ತು ವರ್ಷ ನಾವು ಕೈಯೊಡ್ಡಿ ನಿಂತ
ಕಿಟಕಿಯ ಬೀಗದಕೈ.
ಇನ್ನು ನಿಮ್ಮ ದುಡ್ಡು ನಿಮ್ಮದು, ಎಂದರು.
ದಾಯೆಂಗ್ ಮಸ್ಸಿಗ, ಖಜಾನೆಯ ಹಿರಿಯ ಗುಮಾಸ್ತ,
ಮೊಹರನ್ನೆತ್ತಿ ಮೂಸಿ ನೋಡಿದ:
"ರಬ್ಬರಿನ ವಾಸನೆ. ದುಡ್ಡಿನದಲ್ಲ."

ಹಾಗಾದರೆ ಹುಡುಕಬೇಕು. ಹುಡುಕಿದೆವು.
ರಸ್ತೆಯ ಮೇಲೇ ಬಿದ್ದಿತ್ತು.
ಕಡಲಪಾಚಿ ಹೊತ್ತ ಲಾರಿಗೊಂದು ಸುಂಕ,
ತೂಗಿದರೆ ತೂಗಿದ್ದಕ್ಕೆ,
ತೂಗದಿದ್ದರೆ ತೂಗದಿದ್ದಕ್ಕೆ,
ಅಂಗಡಿಯ ಬೋರ್ಡಿಗೆ, ಬೋರ್ಡಿನ ಬಲ್ಬಿಗೆ,
ಬಲ್ಬಿಗೆ ಮುತ್ತುವ ಹುಳಕ್ಕೊಂದು ಬಾಕಿ ಎಂದು
ಸಂತೆಯ ಹುಡುಗರು ನಗುತ್ತಿದ್ದರು.
ಬರೆದವಳು ನಾನೇ. ನೀಲಿ ಮಸಿ, ಮೂರು ಪ್ರತಿ.
ಕಾರ್ಬನ್ ಹಾಳೆಯ ಕೆಳಗೆ ನಮ್ಮೂರು
ಮಸುಕಾಗುತ್ತ ಹೋಯಿತೋ, ಅಚ್ಚೊತ್ತುತ್ತ ಬಂತೋ
ಇವತ್ತಿಗೂ ಹೇಳಲಾರೆ.

ಸುಳ್ಳೇಕೆ, ಆ ಸುಂಕದಲ್ಲೇ ಎದ್ದದ್ದು ಹೆರಿಗೆ ಕೋಣೆ.
ಮೊದಲೆಲ್ಲ ಒಂದು ತಗಡಿಗೆ ಆರು ಅರ್ಜಿ, ಎರಡು ಮಳೆಗಾಲ.
ನಾದಿನಿ ಬೆಸ್ಸೆ ಅಲ್ಲೇ ಹೆತ್ತಳು.
ದೀಪ ಆರಲಿಲ್ಲ.

ಆಮೇಲೆ ಕುಸಾನೊ ಬಂದ, ಒಸಾಕಾದವನು,
ಬಿಸಿಲಿಗೆ ಕೆಂಪಾದ ಕಿವಿ, ಕೈಯಲ್ಲಿ ಪುಟ್ಟ ತಕ್ಕಡಿ.
ಪಾಚಿಯನ್ನು ಪುಡಿ ಮಾಡುವ ಕಾರ್ಖಾನೆ,
ಮುನ್ನೂರು ಹೆಂಗಸರಿಗೆ ಕೆಲಸ, ಎಂದ.
ನಾವೇ ಆರಿಸಿದ ನಮ್ಮ ಬುಪಾತಿ
ತಾನೇ ಎದ್ದು ಎಳನೀರು ಕೊಟ್ಟ.
ಕುಸಾನೊ ನನ್ನ ರಸೀದಿಗಳನ್ನು
ಇಸ್ಪೀಟಿನ ಹಾಗೆ ಮೇಜಿನ ಮೇಲೆ ಹರಡಿದ. ಏಳು.
"ಹಿಂದೆ ಒಂದೇ ಬಾಗಿಲು, ಒಬ್ಬನೇ ಕಾವಲಿನವನು,
ಒಂದೇ ಲಕೋಟೆ. ದಪ್ಪ ಲಕೋಟೆ, ನಿಜ.
ಈಗ ಬಾಗಿಲು ಜಾಸ್ತಿ. ತಪ್ಪೆನ್ನುವುದಿಲ್ಲ.
ಇವನ್ನು ಕಟ್ಟುತ್ತೇನೆ, ಏಳನ್ನೂ.
ಎಂಟನೆಯದು ಯಾವಾಗ, ಅದನ್ನು ಹೇಳಿ."

ಬುಪಾತಿ ನಕ್ಕ. ಮಸ್ಸಿಗ ಕೆಮ್ಮಿದ.
ಎಂಟನೆಯದು ಟೈಪಾಗಿ
ನನ್ನ ಮೊಣಕಾಲಿಗೆ ತಾಗುವ ಡ್ರಾಯರಿನಲ್ಲಿತ್ತು.

ಹೊಳೆಯಾಚೆ ಬೇರೆ ಜಿಲ್ಲೆ, ಬೇರೆ ಬುಪಾತಿ.
ಐದು ವರ್ಷ ಸುಂಕ ಬೇಡ, ಎಂದನಂತೆ.
ಹತ್ತು, ಎಂದನಂತೆ, ಕೇಳುವ ಮೊದಲೇ.
ನೆಲ ಬಿಟ್ಟಿ, ದಾರಿ ನಮ್ಮದು,
ದಾರಿಗೆ ಹಾಕುವ ಜಲ್ಲಿಯೂ ನಮ್ಮದು.
ಕುಸಾನೊನ ಚಿಮಣಿ ಈಗ ಅಲ್ಲಿಂದಲೇ
ನಮ್ಮ ಕಚೇರಿಯ ಕಿಟಕಿಗೆ ಹೊಗೆ ಊದುತ್ತದೆ.

ಬೆಳಗಿನ ಐದಕ್ಕೆ ನಮ್ಮ ಹೆಂಗಸರು
ತಲೆಗೆ ಬಟ್ಟೆ ಬಿಗಿದು ದೋಣಿ ಹತ್ತುತ್ತಾರೆ.
ಅದೇ ದೋಣಿ ಹಿಂದಿರುಗುವಾಗ
ಆ ದಡದ ಬಸುರಿಯರನ್ನು ತರುತ್ತದೆ.
ಅಲ್ಲಿನ ಆಸ್ಪತ್ರೆಯಲ್ಲಿ ಗೋಡೆ ಇದೆ, ಹತ್ತಿಯಿಲ್ಲ.
ದುಡಿಮೆ ಆಚೆಗೆ, ಹೆರಿಗೆ ಈಚೆಗೆ,
ನಡುವೆ ಅಂಬಿಗನೊಬ್ಬನೇ
ಎರಡೂ ಕಡೆ ಲೆಕ್ಕ ಚುಕ್ತಾ ಮಾಡುವವನು.

ಇವತ್ತು ಮೇಜಿನ ಮೇಲೆ ಹೊಸ ಕರಡು:
ದೋಣಿಯಿಳಿಯುವ ಹೊರಜಿಲ್ಲೆಯ ತಲೆಗೊಂದು ಸುಂಕ.
ನೀಲಿ ಮಸಿ ತುಂಬಿಕೊಂಡೆ.
"ದಾಯೆಂಗ್, ಹೊಟ್ಟೆಯೊಳಗಿನ ತಲೆಯನ್ನೂ
ಎಣಿಸಬೇಕೆ?"
ಅವನು ಮಾತಾಡಲಿಲ್ಲ.
ಮೊಹರನ್ನೆತ್ತಿ
ಮತ್ತೊಮ್ಮೆ ಮೂಸಿ ನೋಡಿದ.