ಏಳು ಗಜ ಬಟ್ಟಿ

ಫ್ಲೆಕ್ಸ್ ಮಿಷಿನ್ನಿನ ಹೊಟ್ಟ್ಯಾಗ
ಉರ್ದು ಅಕ್ಷರ ಕೈ ಕೈ ಬಿಟ್ಟು ಬಿಡಿಬಿಡಿ ಬಿದ್ದುವಂತ,
ಕನ್ನಡದ ಒತ್ತು ಕಾಲು ಮುರಕೊಂಡು
ಮುಂದಿನ ಅಕ್ಷರದ ಹೆಗಲೇರಿತ್ತಂತ.
ಅದಕ್ಕೇ ಕಮಿಟಿಯವರಿಗಿ ನಾ ನೆನಪಾಗಿದ್ದು.
ಹನ್ನೊಂದು ವರ್ಷದ ಮ್ಯಾಲ
ಚೌಬಾರದ ಹಿಂದಿನ ನನ್ನ ಬಾಗಲಕ್ಕ
ನಾಕು ಮಂದಿ ಒಮ್ಮಿಗೇ ಬಂದು ನಿಂತ್ರು.

'ಮಾಣಿಕಪ್ಪಾ, ಓಣಿ ಓಣಿ ಕೂಡಿ ಒಂದಿನ ಮಾಡಾಕತ್ತೀವಿ.
ಎಲ್ಲಾರದೂ ಹಾಡು, ಎಲ್ಲಾರದೂ ಊಟ.
ಗೇಟಿನ ಮ್ಯಾಲ ಒಂದೇ ಮಾತು ಬೇಕು: ಬರ್ರಿ.
ಎಲ್ಲಾ ಭಾಷಾದಾಗ.'
ಏಳು ಗಜ ಕೋರಾ ಬಟ್ಟಿ ಇಟ್ಟು
ಚಾ ಕುಡದು ಹೋದ್ರು.

ಎಡಗಡಿಂದ ಕನ್ನಡ ಹೊಂಟಿತು,
ಬಲಗಡಿಂದ ಉರ್ದು.
ಅದನ್ನ ಕಲಿಸಿದಾಂವ ಉಸ್ತಾದ ಖಮರುದ್ದೀನ,
ನುಕ್ತಾ ತಪ್ಪಿದ್ರ ಬೆರಳ ಸಂದ್ಯಾಗ ಪೆನ್ಸಿಲ್ ಇಟ್ಟು ಹಿಚುಕಾಂವ.
ಸಣ್ಣ ಓಣ್ಯಾಗ ಎದುರಾಬದರು ಎರಡು ಬಂಡಿ ಬಂದಂಗ
ಬರ್ತಾವ ಎರಡೂ.
ಯಾವುದು ಹಿಂದ ಸರೀಬೇಕು
ಬರದಾಂವಗೂ ಗೊತ್ತಿರಲ್ಲ.

ಮರಾಠಿಗಿ ತ್ರಾಸಿಲ್ಲ. 'ಯಾ', ಒಂದೇ ಅಕ್ಷರ, ಗೇಣು ಜಾಗ.
ಗುರುದ್ವಾರದ ಹರಬನ್ಸ ಕೌರ ತಾನೇ ಬಂದು
ಕದದ ಮ್ಯಾಲ ಸೀಮಿಸುಣ್ಣದಲೆ ತಮ್ಮದು ಬರದು ತೋರಿಸಿದಳು.
ತಕರಾರು ಬಂದಿದ್ದು ತೆಲುಗಿಗಿ.
ಅವರು ಪ್ರೀತಿಲೆ ಕರಿಯೂ ಮಾತು
ನಮ್ಮ ದಖನಿ ಬಾಯಾಗ ಹೊಲಸು ಬೈಗಳ!
ಲಿಪಿ ನೋಡಿದ್ರ ಕನ್ನಡದ ಅಕ್ಕನ ಮಗಳು,
ಎಲ್ಲಾರೂ ಕೂಡಿಸಿ ಓದೇ ಬಿಡ್ತಾರ.
ಜಹೀರಾಬಾದಿನ ಸೊಸಿ ಪೋಚಮ್ಮ
ನಕ್ಕು ನಕ್ಕು ಕಣ್ಣು ಒರಸಿಕೊಂಡು
'ದಯಚೇಯಂಡಿ ಅಂತ ಬರೀ ಅಣ್ಣಾ, ಮರ್ಯಾದಿ ಉಳೀತದ' ಅಂದಳು.
ಮರ್ಯಾದಿ ಉಳೀತು.
ಒಂದೂವರಿ ಗಜ ಬಟ್ಟಿ ಹೋತು.

ಆಗ ಬಂದಳು ಜಮಲಿಬಾಯಿ,
ತಲಿ ಮ್ಯಾಲಿನ ಮೆಂತೇಪಲ್ಲೆ ಬುಟ್ಟಿ ಇಳಸಲಾರದೇ.
'ನಮ್ಮದೆಲ್ಲಿ?'
ಜಾಗ ಇಲ್ಲ ಅನ್ನಾಕ ನಾಚಿಕಿ ಬಂದು
'ನಿಮ್ಮ ಮಾತಿಗಿ ಅಕ್ಷರ ಇಲ್ಲಲ್ಲವಾ' ಅಂದೆ.
ಸುಳ್ಳಲ್ಲ. ಆದ್ರ ಅದೂ ಒಂದು ನೆವ.
ಆಕಿ ಬಟ್ಟಿ ತುದಿ ಬೆರಳಾಗ ತಿಕ್ಕಿ ನೋಡಿ
'ಅಂಚು ಖಾಲಿ ಅದಲ್ಲ' ಅಂದಳು.

ಒಂದು ರಾತ್ರಿ ತಾಂಡಾದಾಗ ಇತ್ತು ಬಟ್ಟಿ.
ಮುಂಜಾನಿ ನೋಡಿದ್ರ ಸುತ್ತಾ ಕೆಂಪು ದಾರ, ಕವಡಿ,
ನಡುನಡುವ ರೂಪಾಯಿ ಅಗಲದ ಕನ್ನಡಿ.

ಗೇಟಿಗಿ ಏರಿಸೂ ಮುಂದ
ತಬಲಾ ಬಾರಿಸೂ ನಾಗನಾಥ, ಕಣ್ಣಿಲ್ಲದಾಂವ,
ಬಟ್ಟಿ ಮ್ಯಾಲ ಉದ್ದಕ್ಕ ಕೈ ಆಡಿಸಿದ.
ನನ್ನ ಐದೂ ಭಾಷಾ ಅವನಿಗಿ ಬರೇ ಸಪಾಟು.
ಅಂಚಿಗಿ ಬಂದು ಬೆರಳು ನಿಂತುವು:
'ಹಾಂ, ಇಲ್ಲಿ ಏನೋ ಬರದೀರಿ.'

ಬಿಸಲು ಏರಿತು.
ಬೆಳಕಿನ ಚುಕ್ಕಿ ಇಳದು ಮಂದಿ ಮ್ಯಾಲ ಓಡ್ಯಾಡಾಕತ್ತುವು,
ಹಲಗಿ ಕಾಸಾಕ ಉರಿ ಹಚ್ಚಿದ ಹುಡುಗರ ಮ್ಯಾಲ,
ತಹರಿ ದೇಗಿನ ಮುಚ್ಚಳದ ಮ್ಯಾಲ.
ಪೊಲೀಸಿನವನ ಮೀಸಿ ಮ್ಯಾಲ ಕೂತದ್ದು
ಮಧ್ಯಾನತನ ಏಳಲಿಲ್ಲ.

ಗೇಟಿನ ಹೊರಗ ನಗರಸಭೆಯ ತುಳಜಮ್ಮ
ಪತ್ರೋಳಿ ಬೀಳೂದನ್ನ ಕಾಯ್ಕೊಂತ ನಿಂತಿದ್ದಳು, ಕಸಬರಗಿ ಹಿಡದು.
ಒಂದು ಚುಕ್ಕಿ ಕಣ್ಣಿಗಿ ಹೊಡೀತು.
ಅಂಗೈ ಅಡ್ಡ ಹಿಡದಳು.
'ಏನಂತ ಬರದೀಯೋ ಮಾಣಿಕಾ?'
'ಬರ್ರಿ ಅಂತ.'
'ಯಾರಿಗಿ?'

ಐದು ಭಾಷಾ ಬರದ ಕೈ.
ಒಂದರಾಗೂ ಜವಾಬು ಹುಟ್ಟಲಿಲ್ಲ.

ಒಳಗ ಜಮಖಾನಿ ಮ್ಯಾಲ ಹರಬನ್ಸ ಕೌರ
ಏನೂ ಕೇಳಿಸದಾಕಿಹಂಗ
ಒಂದು ಮೊಳ ಸರದು ಕೂತಳು.
ತುಳಜಮ್ಮ ಕಸಬರಗಿ ಗೇಟಿಗಿ ಆನಿಸಿದಳು.
ಒಂದು ಹೆಜ್ಜಿ ಇಟ್ಟು, ತಿರುಗಿ ಅದನ್ನೇ ನೋಡಿದಳು,
ಯಾರಾದ್ರೂ ಒಯ್ದಾರೇನೋ ಅನ್ನೂ ಹಂಗ.
ಆಮ್ಯಾಲ ಚಪ್ಪಲಿ ಬಿಟ್ಟಳು.

ಸಂಜಿಗಿ ನಿಚ್ಚಣಿಕಿ ತರಾಕ ಹೋದಾಗ
ಅಂಗಳ ಸ್ವಚ್ಛ ಬಳದಿತ್ತು.
ಯಾರ ಕೈಲೆ ಅಂತ ನಾ ಕೇಳಲಿಲ್ಲ.
ಕೇಳಬೇಕಿತ್ತು.

ಬಟ್ಟಿ ಈಗ ನನ್ನ ಅಟ್ಟದ ಮ್ಯಾಲ ಸುರಳಿ ಬಿದ್ದದ.
ರಾತ್ರಿ ಆಟೋ ಹಾದ್ರ ಸಾಕು,
ಗ್ವಾಡಿ ಮ್ಯಾಲ ಮೂರು ನಾಕು ಚುಕ್ಕಿ ಎದ್ದು ಅಡ್ಡಾಡಿ ಮಲಗ್ತಾವ.
ಬರೂ ವರ್ಷಕ್ಕ ಕಮಿಟಿಯವರಿಗಿ ಈಗೇ ಹೇಳಿಟ್ಟೀನಿ:
ಮೊದಲ ಬಟ್ಟಿ ಜಾಸ್ತಿ ತರ್ರಿ,
ಭಾಷಾ ಆಮ್ಯಾಲ ಎಣಸ್ರಿ.