ಇಪ್ಪತ್ತನೆಯ ವಿಳಾಸ

ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶ,
ಬಿಸ್ಕತ್ತು ಫ್ಯಾಕ್ಟರಿಯ ಬೆನ್ನಿಗೆ ನಮ್ಮ ಲ್ಯಾಬು.
ರಾತ್ರಿ ಪಾಳಿ. ಸಂಬಳ ಕೊಟ್ಟು ಮಾಡಿಸುವ ಕಿಡಿಗೇಡಿತನ:
ಚೆನ್ನಾಗಿರುವ ಮೆಮೊರಿಯ ಪುಟ ತೋರಿಸಿ
ಇದಕ್ಕೆ ವಿಷ ತಗುಲಿದೆ ಎಂದು
ಕರ್ನೆಲ್ಲಿನ ಕಿವಿಯಲ್ಲಿ ಚಾಡಿ ಹೇಳುವುದು.

ಒಂದು ಬಿಟ್ಟು ಮಗುಚಿದರೆ ಯಂತ್ರವೇ ತಿದ್ದಿಕೊಳ್ಳುತ್ತದೆ,
ಲೆಕ್ಕದಲ್ಲಿ ಒಂದು ಗೀಟೆಳೆದು ಸುಮ್ಮನಾಗುತ್ತದೆ.
ಎರಡು ಮಗುಚಿದರೆ ಗೊತ್ತಾಗುತ್ತದೆ, ತಿದ್ದಲಾಗುವುದಿಲ್ಲ.
ಆಗ ಕರ್ನೆಲ್ ಏಳಬೇಕು.
ಏಳುತ್ತದೋ ಇಲ್ಲವೋ ನೋಡಲಿಕ್ಕೇ ನಾನು.

ಡಿಸ್ಕಿನಲ್ಲಿ ನಕಲಿದ್ದರೆ ಚಿಂತೆಯಿಲ್ಲ,
ಕೆಟ್ಟದ್ದನ್ನು ಬಿಟ್ಟು ಬೇರೆ ಜಾಗದಲ್ಲಿ ಓದಿಕೊಳ್ಳುತ್ತದೆ.
ಬರೆದು ಇನ್ನೂ ಇಳಿಸದ ಪುಟವಾದರೆ, ಹೋಯಿತು.
ಅದನ್ನು ನೆಚ್ಚಿಕೊಂಡ ಪ್ರೊಸೆಸ್ಸನ್ನು ಅಲ್ಲೇ ಮುಗಿಸುತ್ತದೆ;
ಸುಳ್ಳು ಲೆಕ್ಕ ಓದಿ ಬದುಕುವುದಕ್ಕಿಂತ ಇದು ಮೇಲು ಎಂದು
ಯಾರೋ ಎಂದೋ ತೀರ್ಮಾನಿಸಿದ್ದಾರೆ.
ಕರ್ನೆಲ್ಲಿನ ಸ್ವಂತ ಪುಟಕ್ಕೇ ಬಡಿದರೆ
ಪರದೆ ತುಂಬ ಕೊನೆಯ ಮಾತು ಬಡಬಡಿಸಿ ನಿಲ್ಲುತ್ತದೆ.
ನಾನು ಟೀ ಕುಡಿಯಲು ಹೋಗುತ್ತೇನೆ.

ನಮ್ಮ ಮನೆ ಮಾಲೀಕರು ಮರಿಯದಾಸರು
ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ
ಗಾಲಿಗೆ ಸುತ್ತಿಗೆ ತಟ್ಟಿ ಕಿವಿಗೊಟ್ಟವರು.
"ಠಣ್ ಅಂದ್ರೆ ಸರಿ. ಠಪ್ ಅಂದ್ರೆ ಸೀಮೆಸುಣ್ಣದಲ್ಲಿ ಇಂಟು.
ಬಯ್ಯೋದಿಲ್ಲ, ಅಳೋದಿಲ್ಲ, ಇಂಟು ಅಷ್ಟೆ."
ನನ್ನ ಕೆಲಸ ಕೇಳಿ ಮುಖ ಸಿಂಡರಿಸಿದರು:
"ಒಳ್ಳೆ ಗಾಲಿಗೆ ಬಿರುಕಿದೆ ಅಂತ ಸುಳ್ಳು ಹೇಳ್ತೀಯೇನಮ್ಮ?"
ಹೇಳ್ತೀನಿ ಸಾರ್.
ಇಂಟು ಹಾಕೋ ಕೈ ಮೇಲೇಳುತ್ತಾ ನೋಡಕ್ಕೆ.

ಮೊನ್ನೆ ಮಂಗಳವಾರ ಹತ್ತೊಂಬತ್ತು ವಿಳಾಸ ಕೊಟ್ಟೆ.
ಲಾಗಿನಲ್ಲಿ ಇಪ್ಪತ್ತು ಸಾಲು.
ಬೆರಳು ಮಡಿಸಿ ಮತ್ತೆ ಎಣಿಸಿದೆ.
ಹನ್ನೆರಡಕ್ಕೂ ಹದಿಮೂರಕ್ಕೂ ನಡುವೆ ನಾನು ಕೊಡದ್ದು,
ಅದೇ ಅಕ್ಷರ, ಅದೇ ದನಿ, ಮುಗಿಸಿದ ರೀತಿಯೂ ಅದೇ.

ನಾಟಕವೋ ನಿಜವೋ ಎಂದು ಕರ್ನೆಲ್ ಕೇಳಿರಲಿಲ್ಲ.

ವಿಷ ಇಳಿಸುವ ಆಜ್ಞೆಯೊಂದಿದೆ, ಪರೀಕ್ಷೆ ಮಾಡುವವರಿಗೆ ಮಾತ್ರ.
ದಿನವೂ ಅದನ್ನು ಕೊಟ್ಟೊಡನೆ
ಸತ್ತ ಪಾತ್ರ ಮುಗಿಸಿದ ಹುಡುಗರ ಹಾಗೆ
ಪುಟಗಳೆಲ್ಲ ಮೈ ಕೊಡವಿ ಏಳುತ್ತಿದ್ದವು.
ಇವತ್ತು ಒಂದೂ ಇಲ್ಲ.
ಒಮ್ಮೆ ನಿಜದ ಏಟು ಬಿತ್ತೋ
ಆ ಆಜ್ಞೆಗೇ ಬೀಗ. ನನ್ನ ಹತ್ತೊಂಬತ್ತು ಸುಳ್ಳುಗಳೂ
ಆ ಒಂದರ ಜೊತೆ ಮಲಗಿಬಿಟ್ಟವು.

ಐದು ಗಂಟೆಗೆ ಪೆಟ್ಟಿಗೆ ಬಿಚ್ಚಿ
ನಾಲ್ಕನೇ ಮೆಮೊರಿ ಪಟ್ಟಿಯನ್ನು ಕಳಚಿದೆ.
ಹೊಳೆಯುತ್ತಿತ್ತು. ಎಲ್ಲೂ ಒಂದು ಗೀರಿಲ್ಲ.
ಯಾರೂ ನೋಡುತ್ತಿಲ್ಲವೆಂದು ಉಗುರಿನಿಂದ ತಟ್ಟಿ
ಕಿವಿಯ ಹತ್ತಿರ ಹಿಡಿದೆ.
ಗೋಡೆಯಾಚೆ ಬಿಸ್ಕತ್ತು ಬೇಯುವ ವಾಸನೆ.
ಸೀಮೆಸುಣ್ಣ ಇರಲಿಲ್ಲ, ಮಾರ್ಕರಿನಲ್ಲಿ ಇಂಟು ಹಾಕಿದೆ.

ವರದಿಯಲ್ಲಿ ಬರೆದೆ:
ಪರೀಕ್ಷೆ ಹತ್ತೊಂಬತ್ತು, ಪಾಸಾದದ್ದು ಇಪ್ಪತ್ತು.
ಹತ್ತು ಗಂಟೆಗೆ ಬಂದ ಸಣ್ಣತಮ್ಮೇಗೌಡರು
ಕೈತಪ್ಪಿರಬೇಕು ಎಂದುಕೊಂಡು
ಇಪ್ಪತ್ತನ್ನು ಹತ್ತೊಂಬತ್ತು ಮಾಡಿ, ಸುಮ್ಮನಾದರು.