ಸುಣ್ಣದ ಬಾಬತ್ತು

ಎರಡು ಮೂಟೆ ಸಾಲಲಿಲ್ಲ ಫಾದರ್,
ಮೂರನೆಯದನ್ನು ಆಂಡರ್ಸನ್‌ಪೇಟೆಯಲ್ಲಿ ಸಾಲ ತಂದೆ.
ಲೆಕ್ಕ ಕೇಳಿದಿರಲ್ಲ, ಬನ್ನಿ.
ನೀವು ಹೊಸಬರು.

ಬೇವಿನ ಮರದ ತನಕ ಇಟಲಿಯವರು.
ಸುರಂಗಕ್ಕೆ ಮರದ ಆಸರೆ ಕೊಡಲು ಬಂದವರು
ಎದೆತುಂಬ ಕಲ್ಲುಪುಡಿ ಕಟ್ಟಿಕೊಂಡು ಮಲಗಿದರು.
ಅಮೃತಶಿಲೆ; ಸುಣ್ಣ ಬೇಡ, ನೀರು, ತೆಂಗಿನ ನಾರು ಸಾಕು.
ಬತ್ತಿಸ್ತಾ ಎಂಬವನ ದೇವದೂತನಿಗೆ ಒಂದೇ ರೆಕ್ಕೆ,
ಇನ್ನೊಂದು ಯಾರ ಮನೆಯಲ್ಲಿ ಮಸಾಲೆ ಅರೆಯುತ್ತಿದೆಯೋ.

ಅದರ ಪಕ್ಕ ಆಂಗ್ಲೋ-ಇಂಡಿಯನ್ನರು, ಕಬ್ಬಿಣದ ಬೇಲಿ.
ಮಿಸ್ ಆಲ್ಮೇಡಾಳ ಕಲ್ಲಿನಲ್ಲಿ ಪಿಯಾನೋ ಕೆತ್ತಿದೆ.
ಅದರ ಮನೆಗಳ ಮೇಲೆ ಓತಿಕ್ಯಾತ
ಬಿಸಿಲು ಕಾಯುತ್ತದೆ.

ಆಮೇಲೆ ಗೋಡೆ.

ಗೋಡೆಯ ಈಚೆ ನಾವು.
ತಮಿಳರದು ಹದಿನಾಲ್ಕು ಸಾಲು, ತೆಲುಗರದು ಆರು,
ಕನ್ನಡದವರಿಗೆ ಸಾಲಿಲ್ಲ, ಮೂಲೆ.
ನಮ್ಮಪ್ಪ ಇನ್ನಾಸಪ್ಪ ಸತ್ತಾಗ ಮೂಲೆಯಲ್ಲಿ ಬಂಡೆ ತಗಲಿತು,
ತೆಲುಗಿನ ಜ್ಞಾನಮ್ಮನ ಪಕ್ಕ ಇಟ್ಟೆವು.
ಬೀದಿ ನಲ್ಲಿಯ ಸರದಿಗೆ
ಇಪ್ಪತ್ತು ವರ್ಷ ಜಗಳವಾಡಿದ್ದರು ಇಬ್ಬರೂ.

ಅಜ್ಜಿ ಹೇಳುತ್ತಿದ್ದಳು:
ಕೆಳಗೆ ಬಂಡೆ ಸಿಡಿದ ರಾತ್ರಿ
ಒಂದೇ ಕೇಜಿನಲ್ಲಿ ಮೇಲೆ ಬಂದವು ಏಳು ಹೆಣ,
ಏಳಕ್ಕೂ ಒಂದೇ ಬೂದಿಬಣ್ಣ.
ಇಲ್ಲೇ, ಈ ಗೇಟಿನಲ್ಲಿ, ಲಾಂದ್ರ ಹಿಡಿದು
ಬೂಟು ನೋಡಿ ವಿಂಗಡಿಸಿದರು.
ಬೂಟಿದ್ದವನು ಆಚೆ,
ಬರಿಗಾಲಿನವನು ಈಚೆ.
ಒಬ್ಬನಿಗೆ ಕಾಲೇ ಇರಲಿಲ್ಲ.

ಅವನನ್ನು ಗೋಡೆಯ ಬುಡದಲ್ಲಿ ಹೂತರು.
ಶಿಲುಬೆ ಇಟ್ಟರು, ಹೆಸರು ಇಡಲಿಲ್ಲ.
ನಮ್ಮ ಮತದವನೋ ಅಲ್ಲವೋ,
ಕೇಳಿದರೆ ಅಜ್ಜಿ ಸೆರಗು ಎಳೆದುಕೊಂಡು
ಅವನ ಮೇಲೂ ಒಂದು ಕೈ ಬಳಿಯುತ್ತಿದ್ದಳು.

ಗಣಿ ಮುಚ್ಚಿತು. ಸೈನೈಡ್ ದಿಬ್ಬದ ಧೂಳು
ಆಷಾಢದಲ್ಲಿ ಎದ್ದು ಬಂದು ಎಲ್ಲರ ಮೇಲೂ ಕೂರುತ್ತದೆ.
ಧೂಳಿಗೆ ಭಾಷೆ ಬಾರದು.
ಹೋದ ವರ್ಷ ನೆಲ ಅದುರಿತು,
ಕೆಳಗೆ ಸುರಂಗಕ್ಕೆ ನೀರು ತುಂಬುತ್ತಿದೆ ಅನ್ನುತ್ತಾರೆ,
ಗೋಡೆ ಬಿತ್ತು.
ಬಿದ್ದದ್ದು ಅವನ ಮೇಲೆ.

ಕಂಟ್ರಾಕ್ಟರು ಬರಲಿಲ್ಲ, ನೀವೂ ಆಗ ಬಂದಿರಲಿಲ್ಲ.
ಇಟ್ಟಿಗೆ ಒಂದೊಂದೇ ಎತ್ತಿದೆ. ಒಡೆಯದವು ನೂರಾಹನ್ನೊಂದು.
ಅವುಗಳಿಂದಲೇ ಅವನಿಗೊಂದು ಕಟ್ಟೆ ಕಟ್ಟಿದೆ,
ಮಂಡಿಯ ಎತ್ತರಕ್ಕೆ,
ಎರಡು ಕಡೆಯಿಂದಲೂ ಕೂತು ಮೇಣದಬತ್ತಿ ಹಚ್ಚುವ ಹಾಗೆ.
ಹಳೆಯ ಇಟ್ಟಿಗೆ ಫಾದರ್, ಬಾಯಾರಿದ್ದವು.
ಒಂದು ಕೋಟು ಕುಡಿದವು, ಇನ್ನೊಂದು ಕುಡಿದವು,
ನಾಲ್ಕನೆಯದಕ್ಕೆ ಬೆಳ್ಳಗಾದವು.

ಮೂರನೆಯ ಮೂಟೆ ಅವನದು.
ನಾಳೆ ಸತ್ತವರ ಹಬ್ಬ, ಅಂಗಡಿಯವನೂ ಬರುತ್ತಾನೆ,
ಅವನ ತಾಯಿ ಎಂಟನೆಯ ಸಾಲಿನಲ್ಲಿದ್ದಾಳೆ.
ದುಡ್ಡು ಕೊಟ್ಟುಬಿಡಿ.
ಲೆಕ್ಕದ ಪುಸ್ತಕದಲ್ಲಿ
ಗೋಡೆ ರಿಪೇರಿ ಅಂತ ಬರೆದುಕೊಳ್ಳಿ.